ಲೋಡ್ ಏಳುವ ಮೊದಲು ಕೂರುತ್ತಿದೆಯೇ? ಫೋರ್ಕ್‌ಲಿಫ್ಟ್‌ನ ಲಿಫ್ಟ್ ವಾಲ್ವ್ ದೋಷ ಹುಡುಕುವ ಬಗೆ

ನೆಲಮಂಗಲದ ಹತ್ತಿರದ ಒಂದು ಗೋಡೌನ್‌ನಿಂದ ಕರೆ ಬಂತು. ಎರಡೂವರೆ ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್. "ಲೋಡ್ ಸರಿಯಾಗಿ ಎತ್ತುತ್ತಿಲ್ಲ, ಪ್ರೆಷರ್ ಜಾಸ್ತಿ ಮಾಡಿಕೊಡಿ" ಎಂದರು ಸೂಪರ್‌ವೈಸರ್. ಹೋಗಿ ನೋಡಿದರೆ, ಪ್ರೆಷರ್ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವ್‌ನ ಲಾಕ್ ನಟ್ ಮೇಲೆ ಸ್ಪ್ಯಾನರ್‌ನ ಹೊಸ ಗೀರುಗಳು. ನನಗಿಂತ ಮೊದಲು ಬಂದವರು ಎರಡು ಸಲ ಸ್ಕ್ರೂ ಬಿಗಿ ಮಾಡಿ ಹೋಗಿದ್ದರಂತೆ. ದೋಷ ಹೋಗಿರಲಿಲ್ಲ. ಫೋರ್ಕನ್ನು ಹಿಂದೆ ಮುಂದೆ ವಾಲಿಸುವ ಟಿಲ್ಟ್ ಸಿಲಿಂಡರಿನ ಸೀಲಿನಿಂದ ಎಣ್ಣೆ ಜಿನುಗಲು ಬೇರೆ ಶುರುವಾಗಿತ್ತು.

ಆಪರೇಟರ್ ಹುಡುಗನನ್ನು ಕರೆದು ಕೇಳಿದೆ. "ಎತ್ತತ್ತೆ ಅಣ್ಣ. ಆದ್ರೆ ಲಿವರ್ ಎಳೆದ ತಕ್ಷಣ ಮೊದ್ಲು ಒಂಚೂರು ಕೂತ್ಕೊಳತ್ತೆ, ಆಮೇಲೆ ಏಳತ್ತೆ" ಎಂದ.

ಕಾಯಿಲೆ ಎಲ್ಲಿದೆ ಎಂಬುದು ಈ ಒಂದು ಮಾತಿನಲ್ಲೇ ಇತ್ತು. ಯಾರೂ ಅವನನ್ನು ಕೇಳಿರಲಿಲ್ಲ, ಅಷ್ಟೇ. ಲಿಫ್ಟ್ ದೂರು ಬಂದಾಗ ರಿಲೀಫ್ ಸ್ಕ್ರೂ ನೀವು ಕೊನೆಗೆ ಮುಟ್ಟಬೇಕಾದ ಜಾಗ. ಅದಕ್ಕಿಂತ ಮುಂಚೆ ಕೇಳಬೇಕಾದ್ದು, ನೋಡಬೇಕಾದ್ದು, ಅಳೆಯಬೇಕಾದ್ದು ಬಹಳ ಇದೆ. ನಾನು ಹೋಗುವ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಣ್ಣೆ ಹೋಗುವ ದಾರಿ

ಟ್ಯಾಂಕಿನಿಂದ ಸ್ಟ್ರೈನರ್ ಮೂಲಕ ಗೇರ್ ಪಂಪಿಗೆ. ಪಂಪಿನಿಂದ ಕಂಟ್ರೋಲ್ ವಾಲ್ವ್ ಬ್ಲಾಕಿಗೆ. ಬ್ಲಾಕಿನಲ್ಲಿ ಲಿಫ್ಟಿಗೆ ಒಂದು ಸ್ಪೂಲ್, ಟಿಲ್ಟಿಗೆ ಒಂದು. ಸ್ಪೂಲ್ ಅಂದರೆ ಲಿವರ್ ಎಳೆದಾಗ ಒಳಗೆ ಸರಿದು ಎಣ್ಣೆಯ ದಾರಿ ಬದಲಿಸುವ ಸರಳು. ಬ್ಲಾಕಿನ ಬಾಗಿಲಲ್ಲೇ ಮೇನ್ ರಿಲೀಫ್ ವಾಲ್ವ್ ಇರುತ್ತದೆ. ಲಿಫ್ಟ್ ಸ್ಪೂಲಿನ ಪಕ್ಕದಲ್ಲಿ, ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಚಿಕ್ಕ ಲೋಡ್ ಚೆಕ್ ವಾಲ್ವ್. ಅಲ್ಲಿಂದ ಹೋಸ್ ಮೂಲಕ, ಇಳಿಯುವ ವೇಗವನ್ನು ಹಿಡಿತದಲ್ಲಿಡುವ ಫ್ಲೋ ರೆಗ್ಯುಲೇಟರ್ ದಾಟಿ ಎಣ್ಣೆ ಲಿಫ್ಟ್ ಸಿಲಿಂಡರಿಗೆ ಸೇರುತ್ತದೆ.

ಒಂದು ವಿಷಯವನ್ನು ಚೆನ್ನಾಗಿ ನೆನಪಿಡಿ. ಎತ್ತುವುದು ಪಂಪ್. ಇಳಿಸುವುದು ಬರೀ ಭಾರ. ಇಳಿಯುವಾಗ ಪಂಪಿಗೆ ಕೆಲಸವೇ ಇಲ್ಲ. ಹಾಗಾಗಿ ಎತ್ತುವುದು ಮಾತ್ರ ನಿಧಾನವಾಗಿದ್ದರೆ ಟ್ಯಾಂಕ್, ಸ್ಟ್ರೈನರ್, ಪಂಪ್, ರಿಲೀಫ್ ಕಡೆ ನೋಡಿ. ಇಳಿಯುವುದು ಮಾತ್ರ ನಿಧಾನವಾಗಿದ್ದರೆ ಪಂಪನ್ನು ಮರೆತುಬಿಡಿ. ಫ್ಲೋ ರೆಗ್ಯುಲೇಟರ್, ಮಡಚಿಕೊಂಡ ಹೋಸ್, ಮಾಸ್ಟಿನ (ಫೋರ್ಕ್ ಏರಿಳಿಯುವ ಕಂಬದ) ಹಿಡಿದುಕೊಂಡ ರೋಲರ್ ನೋಡಿ. ಎರಡೂ ನಿಧಾನವಾಗಿದ್ದರೆ ಲಿವರ್ ಲಿಂಕ್ ಸವೆದು ಸ್ಪೂಲ್ ಪೂರ್ತಿ ಸರಿಯುತ್ತಿಲ್ಲದಿರಬಹುದು. ಇಷ್ಟು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕೈ ಹಾಕುವ ಮೊದಲು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ.

ಎತ್ತಿದ ಫೋರ್ಕ್ ಕೆಳಗೆ ಯಾರೂ ನಿಲ್ಲಬಾರದು, ಕೈಯನ್ನೂ ಚಾಚಬಾರದು. ಯಾವುದೇ ಹೋಸ್ ಅಥವಾ ಪ್ಲಗ್ ಬಿಚ್ಚುವ ಮುಂಚೆ ಫೋರ್ಕ್ ಪೂರ್ತಿ ನೆಲಕ್ಕೆ ಇಳಿದಿರಬೇಕು. ಎಂಜಿನ್ ಆಫ್ ಮಾಡಿ ಎಲ್ಲ ಲಿವರ್‌ಗಳನ್ನು ನಾಲ್ಕೈದು ಸಲ ಹಿಂದೆ ಮುಂದೆ ಆಡಿಸಿ, ಒಳಗೆ ಉಳಿದ ಪ್ರೆಷರ್ ಬಿಟ್ಟುಹೋಗಲಿ. ಸೀಟ್ ಸ್ವಿಚ್ ಇರುವ ಹೊಸ ಗಾಡಿಗಳಲ್ಲಿ ಸೀಟಿನಲ್ಲಿ ಕೂತು, ಕೀ ಆನ್ ಇಟ್ಟು ಇದನ್ನು ಮಾಡಬೇಕಾಗಬಹುದು. ಮಾಸ್ಟ್ ಮೇಲಿದ್ದಾಗಲೇ ಕೆಲಸ ಮಾಡಲೇಬೇಕಾದರೆ, ಒಳ ಮಾಸ್ಟಿನ ಅಡ್ಡಪಟ್ಟಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಚೈನಿನಿಂದ ಕಟ್ಟಿ. ಬರೀ ಜಾಕ್ ನಂಬಬೇಡಿ.

ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಬೆರಳಿನಿಂದ ಹುಡುಕಬೇಡಿ. ನೂರಕ್ಕೂ ಹೆಚ್ಚು ಬಾರ್ ಪ್ರೆಷರಿನಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣಬಹುದು, ನೋವೂ ಮೊದಲು ಅಷ್ಟಾಗಿ ಇರುವುದಿಲ್ಲ. ಆದರೆ ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, "ಪ್ರೆಷರಿನಲ್ಲಿ ಎಣ್ಣೆ ಒಳಗೆ ಹೋಗಿದೆ" ಎಂದು ಇದೇ ಮಾತಿನಲ್ಲಿ ಹೇಳಿ. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಮೊದಲು ಟ್ಯಾಂಕ್

ಮಾಸ್ಟ್ ಪೂರ್ತಿ ಇಳಿಸಿ ಡಿಪ್‌ಸ್ಟಿಕ್ ನೋಡಿ. ಎತ್ತಿದಾಗ ನೋಡಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಎಣ್ಣೆ ಸಿಲಿಂಡರಿನಲ್ಲಿ ಇರುತ್ತದೆ. ಎಷ್ಟು ಎಂದು ಲೆಕ್ಕ ಹಾಕಬಹುದು. 50 ಮಿ.ಮೀ. ಬೋರಿನ (ಒಳವ್ಯಾಸದ) ಎರಡು ಸಿಲಿಂಡರ್, 3 ಮೀಟರ್ ಎತ್ತುವ ಎರಡು ಹಂತದ ಮಾಸ್ಟ್ ಎಂದುಕೊಳ್ಳಿ. ಚೈನ್ ಇರುವುದರಿಂದ ಫೋರ್ಕ್ 3 ಮೀಟರ್ ಏರಿದರೆ ಸಿಲಿಂಡರ್ 1.5 ಮೀಟರ್ ಮಾತ್ರ ಏರುತ್ತದೆ. ಅದಕ್ಕೆ ಸುಮಾರು 6 ಲೀಟರ್ ಎಣ್ಣೆ ಬೇಕು. ಫೋರ್ಕ್ ಒಂದು ಎತ್ತರದವರೆಗೆ ಚೆನ್ನಾಗಿ ಹೋಗಿ ಆಮೇಲೆ ನಡುಗಿ ನಿಂತರೆ, ವಾಲ್ವ್ ಬಿಚ್ಚುವ ಮುಂಚೆ ಎಣ್ಣೆ ಅಳೆಯಿರಿ. ಎರಡು ಕ್ಯಾನ್ ಎಣ್ಣೆಯಲ್ಲಿ ಮುಗಿಯುವ ಕೆಲಸಕ್ಕೆ ಪಂಪ್ ಬದಲಾಯಿಸಿದ್ದನ್ನು ನೋಡಿದ್ದೇನೆ.

ಎಣ್ಣೆಯ ಬಣ್ಣವೂ ಮಾತಾಡುತ್ತದೆ. ಹಾಲಿನಂತಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಗಾಳಿ ಎಳೆಯುತ್ತಿದೆ, ಸಕ್ಷನ್ ಹೋಸಿನ ಕ್ಲಾಂಪ್ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಲ್ಲೋ ಜಾಸ್ತಿ ಬಿಸಿಯಾಗುತ್ತಿದೆ. ರಿಲೀಫ್ ವಾಲ್ವ್ ಸದಾ ತೆರೆದಿರುವುದೂ ಅದಕ್ಕೆ ಒಂದು ಕಾರಣ. ನಮ್ಮ ಬಿಸಿಲಿಗೆ ಸಾಮಾನ್ಯವಾಗಿ ವಿಜಿ 46 ದಪ್ಪದ ಹೈಡ್ರಾಲಿಕ್ ಎಣ್ಣೆ ಹಾಕುತ್ತಾರೆ. ಆದರೂ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದನ್ನೇ ಹಾಕಿ. ಉಳಿದಿದೆ ಎಂದು ಸುಮ್ನೆ ಎಂಜಿನ್ ಆಯಿಲ್ ಸುರಿಯಬೇಡಿ.

ಗೇಜ್ ಹಾಕಿ ಓದುವುದು

ಗ್ಲಿಸರಿನ್ ತುಂಬಿದ 0–250 ಅಥವಾ 0–400 ಬಾರ್ ಗೇಜ್ ಇಟ್ಟುಕೊಳ್ಳಿ. ವಾಲ್ವ್ ಬ್ಲಾಕಿನ ಟೆಸ್ಟ್ ಪೋರ್ಟಿಗೆ, ಅದು ಇಲ್ಲದಿದ್ದರೆ ಪಂಪ್ ಡೆಲಿವರಿ ಲೈನಿಗೆ ಟೀ ಹಾಕಿ ಜೋಡಿಸಿ. ಖಾಲಿ ಫೋರ್ಕಿನಲ್ಲಿ ಹತ್ತು ಹದಿನೈದು ಸಲ ಎತ್ತಿ ಇಳಿಸಿ ಎಣ್ಣೆ ಬೆಚ್ಚಗಾಗಲಿ, 50 ಡಿಗ್ರಿ ಆಸುಪಾಸಿಗೆ ಬರಲಿ. ತಣ್ಣನೆ ಎಣ್ಣೆಯಲ್ಲಿ ತೆಗೆದ ಅಳತೆಗೆ ಬೆಲೆ ಇಲ್ಲ.

ಈಗ ಲೋಡ್ ಇಲ್ಲದೆ ಮಾಸ್ಟ್ ತುದಿ ಮುಟ್ಟುವವರೆಗೆ ಎತ್ತಿ ಲಿವರ್ ಹಿಡಿದಿಡಿ. ಎಣ್ಣೆಗೆ ಹೋಗಲು ಜಾಗ ಇಲ್ಲ, ರಿಲೀಫ್ ತೆರೆಯುತ್ತದೆ, ಸುಯ್ ಎಂಬ ಸದ್ದು ಬರುತ್ತದೆ. ಆಗ ಗೇಜ್ ಓದಿ ತಕ್ಷಣ ಬಿಡಿ. ಐದಾರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಐಡಲ್‌ನಲ್ಲಿ ಒಮ್ಮೆ, ಕೈಪಿಡಿ ಹೇಳಿದ ಆರ್‌ಪಿಎಂನಲ್ಲಿ ಒಮ್ಮೆ ಓದಿ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಅಳತೆ ಬಂದು, ಅದು ಕಡಿಮೆ ಇದ್ದರೆ ರಿಲೀಫ್ ಮೇಲೆ ಅನುಮಾನ ಪಡಿ. ಐಡಲ್‌ನಲ್ಲಿ ತೀರಾ ಕಡಿಮೆ ಇದ್ದು ಎಂಜಿನ್ ಏರಿಸಿದ ಹಾಗೆ ಏರಿದರೆ, ಪಂಪ್ ಸವೆದಿದೆ ಅಥವಾ ಒಳಗೆಲ್ಲೋ ಎಣ್ಣೆ ತಪ್ಪಿಸಿಕೊಳ್ಳುತ್ತಿದೆ. ಅಂಥ ಗಾಡಿಯಲ್ಲಿ ರಿಲೀಫ್ ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ.

ಎಷ್ಟು ಪ್ರೆಷರ್ ಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. 2500 ಕೆ.ಜಿ. ಲೋಡ್, ಕ್ಯಾರೇಜ್ (ಫೋರ್ಕ್ ಕೂರುವ ಚೌಕಟ್ಟು) ಮತ್ತು ಫೋರ್ಕ್ ಸೇರಿ 300 ಕೆ.ಜಿ. ಎನ್ನೋಣ. ಚೈನಿನ ಕಾರಣ ಸಿಲಿಂಡರ್ ಮೇಲೆ ಇದರ ಎರಡರಷ್ಟು ಬೀಳುತ್ತದೆ, ಅಂದರೆ 5600 ಕೆ.ಜಿ. ಒಳ ಮಾಸ್ಟಿನ 300 ಸೇರಿಸಿದರೆ 5900. ಎರಡು 50 ಮಿ.ಮೀ. ಸಿಲಿಂಡರಿಗೆ ಇದನ್ನು ಹಂಚಿದರೆ ಸುಮಾರು 147 ಬಾರ್ ಆಗುತ್ತದೆ. ರೋಲರ್, ಚೈನುಗಳ ತಿಕ್ಕಾಟಕ್ಕೆ ಇನ್ನೊಂದಿಷ್ಟು. ಆ ಗೋಡೌನಿನ ಗಾಡಿಗೆ ಕೈಪಿಡಿಯಲ್ಲಿ 175 ಬಾರ್ ಎಂದಿತ್ತು. ಲೆಕ್ಕಕ್ಕೆ ಸರಿಯಾಗಿದೆ, ಅಲ್ವಾ?

ನನ್ನ ಗೇಜ್ ತೋರಿಸಿದ್ದು 210 ಬಾರ್. ಐಡಲ್‌ನಲ್ಲೂ ಅಷ್ಟೇ. ಅಂದರೆ ಪಂಪ್ ಗಟ್ಟಿಯಾಗಿತ್ತು, ಪ್ರೆಷರಿಗೆ ಕೊರತೆ ಇರಲಿಲ್ಲ. ಜಾಸ್ತಿಯೇ ಇತ್ತು. ಟಿಲ್ಟ್ ಸೀಲ್ ಹೋಗಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಕೂತು ಏಳುವುದು ಬೇರೆ, ನಿಂತಲ್ಲೇ ಜಾರುವುದು ಬೇರೆ

ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದ ಎಷ್ಟೋ ಸಿಲಿಂಡರ್‌ಗಳು ಸುಮ್ನೆ ಬಿಚ್ಚಿಸಿಕೊಳ್ಳುತ್ತವೆ.

ಲಿವರ್ ಮಧ್ಯದಲ್ಲಿದ್ದಾಗ ಲೋಡ್ ತಾನಾಗಿ ಇಳಿದರೆ ಅದು ಜಾರುವುದು. ಅದನ್ನು ಅಳೆಯಲು ಎಣ್ಣೆ ಬೆಚ್ಚಗಿರಲಿ. ಗಾಡಿಯ ಮೇಲಿನ ಪ್ಲೇಟಿನಲ್ಲಿ ಬರೆದಷ್ಟು ಲೋಡ್ ಇಟ್ಟು, ಮಾಸ್ಟ್ ನೇರ ನಿಲ್ಲಿಸಿ, ಒಂದು ಮೀಟರ್ ಎತ್ತಿ ಎಂಜಿನ್ ಆಫ್ ಮಾಡಿ. ಹೊರ ಮಾಸ್ಟ್ ಮತ್ತು ಒಳ ಮಾಸ್ಟ್ ಮೇಲೆ ಒಂದೇ ಸಮಕ್ಕೆ ಚಾಕ್‌ಪೀಸ್ ಗೆರೆ ಎಳೆಯಿರಿ. 10 ನಿಮಿಷ ಕಾಯಿರಿ. ಸಾಮಾನ್ಯ ಎರಡು ಹಂತದ ಮಾಸ್ಟಿನಲ್ಲಿ ಗೆರೆ ಎಷ್ಟು ಜಾರಿತೋ ಫೋರ್ಕ್ ಅದರ ಎರಡರಷ್ಟು ಇಳಿದಿರುತ್ತದೆ, ಇದನ್ನು ಮರೆಯಬೇಡಿ. ಐಎಸ್‌ಒ 3691-1 ಸುರಕ್ಷತಾ ಮಾನದಂಡದ ಪ್ರಕಾರ ಈ ಅಳತೆಯ ಗಾಡಿಗಳಲ್ಲಿ ಮೊದಲ 10 ನಿಮಿಷಕ್ಕೆ 100 ಮಿ.ಮೀ. ದಾಟಬಾರದು. ಅಂದರೆ ಗೆರೆ 50 ಮಿ.ಮೀ. ಒಳಗಿರಬೇಕು.

ಅದಕ್ಕಿಂತ ಜಾಸ್ತಿ ಜಾರಿದರೆ ಮೊದಲು ಸುಲಭವಾದದ್ದನ್ನು ನೋಡಿ. ಲಿಫ್ಟ್ ಲಿವರಿನ ಲಿಂಕ್ ಪಿನ್ ತೆಗೆಯಿರಿ. ಜಾರುವುದು ನಿಂತರೆ ಲಿಂಕ್ ಉದ್ದ ತಪ್ಪಿ ಸ್ಪೂಲನ್ನು ಒಂಚೂರು ಇಳಿಸುವ ಕಡೆಗೆ ಎಳೆದು ಹಿಡಿದಿತ್ತು ಎಂದರ್ಥ. ಲಿಂಕ್ ಹೊಂದಿಸಿದರೆ ಮುಗಿಯಿತು. ನಿಲ್ಲದಿದ್ದರೆ ಸಿಲಿಂಡರಿನ ಗ್ಲ್ಯಾಂಡ್ (ರಾಡ್ ಹೊರಬರುವ ಬಾಯಿ) ಸುತ್ತ ಎಣ್ಣೆ ಇದೆಯೇ ನೋಡಿ. ಸಿಲಿಂಡರ್ ತಲೆಯಿಂದ ಟ್ಯಾಂಕಿಗೆ ಹೋಗುವ ತೆಳ್ಳನೆ ವಾಪಸ್ ಹೋಸ್ ಇದ್ದರೆ, ಫೋರ್ಕ್ ನೆಲದಲ್ಲಿದ್ದಾಗ ಅದನ್ನು ಬಿಚ್ಚಿ ತುದಿಯನ್ನು ಒಂದು ಬಾಟಲಿಯೊಳಗೆ ಬಿಡಿ. ಟ್ಯಾಂಕ್ ಕಡೆಗೆ ಪ್ಲಗ್ ಹಾಕಿ. ಲೋಡ್ ಎತ್ತಿ ನಿಲ್ಲಿಸಿ. ಎತ್ತುವಾಗ ಸ್ವಲ್ಪ ಎಣ್ಣೆ ಬರುವುದು ಸಹಜ. ನಿಲ್ಲಿಸಿದ ಮೇಲೂ ಬರುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ಬಾಟಲಿಯೂ ಒಣ, ಗ್ಲ್ಯಾಂಡೂ ಒಣ, ಹೊರಗೆಲ್ಲೂ ಸೋರಿಕೆ ಇಲ್ಲ ಎಂದಾದರೆ ಉಳಿದಿರುವುದು ಲಿಫ್ಟ್ ಸ್ಪೂಲ್. ಸ್ಪೂಲಿಗೂ ಅದರ ತೂತಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದೊಂದು ಸ್ಪೂಲನ್ನೂ ಅದರದೇ ತೂತಿಗೆ ಉಜ್ಜಿ ಕೂರಿಸಿರುತ್ತಾರೆ. ಎಮರಿ ಪೇಪರ್ ಮುಟ್ಟಿಸಿದರೆ, ಅಥವಾ ಬೇರೆ ಬ್ಲಾಕಿನ ಸ್ಪೂಲ್ ತಂದು ಹಾಕಿದರೆ ಕೆಲಸ ಕೆಟ್ಟ ಹಾಗೆಯೇ. ಸವೆದಿದ್ದರೆ ಆ ಸೆಕ್ಷನ್ ಪೂರ್ತಿ ಬದಲಾಯಿಸಬೇಕು.

ನಮ್ಮ ಗಾಡಿಯಲ್ಲಿ ಗೆರೆ 10 ನಿಮಿಷಕ್ಕೆ 12 ಮಿ.ಮೀ. ಮಾತ್ರ ಜಾರಿತು. ಚೆನ್ನಾಗಿಯೇ ಇತ್ತು.

ಇನ್ನು ಕೂತು ಏಳುವುದು. ಒಂದು ಟನ್ ಲೋಡ್ ಇಟ್ಟು ನೆಲದಿಂದ ಒಂದಡಿ ಮಾತ್ರ ಎತ್ತಿ. ಐಡಲ್‌ನಲ್ಲಿ ಲಿಫ್ಟ್ ಲಿವರನ್ನು ಬಹಳ ಮೆಲ್ಲಗೆ ಎಳೆಯಿರಿ. ಒಳ್ಳೆ ಗಾಡಿಯಲ್ಲಿ ಲೋಡ್ ನಿಂತಲ್ಲೇ ನಿಂತು ಆಮೇಲೆ ಏಳುತ್ತದೆ. ಇಲ್ಲಿ ಅಂಗೈ ಅಗಲದಷ್ಟು ಕುಸಿದು ಆಮೇಲೆ ಎದ್ದಿತು. ಲಿವರ್ ರಪ್ಪನೆ ಎಳೆದು ರೇಸ್ ಕೊಟ್ಟರೆ ಕುಸಿತ ಕಾಣುವುದೇ ಇಲ್ಲ.

ಇದಕ್ಕೆ ಕಾರಣ ಹೀಗೆ. ಲಿವರ್ ಅರ್ಧ ಎಳೆದಾಗ ಸಿಲಿಂಡರಿನ ದಾರಿ ತೆರೆದಿರುತ್ತದೆ, ಟ್ಯಾಂಕಿಗೆ ಹೋಗುವ ದಾರಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಆ ಒಂದು ಕ್ಷಣ ಪಂಪಿನ ಪ್ರೆಷರ್ ಲೋಡಿನ ಪ್ರೆಷರಿಗಿಂತ ಕಡಿಮೆ ಇರುತ್ತದೆ. ಆಗ ಎಣ್ಣೆ ಹಿಂದಕ್ಕೆ ಓಡಿಹೋಗದಂತೆ ತಡೆಯುವುದೇ ಲೋಡ್ ಚೆಕ್ ವಾಲ್ವಿನ ಕೆಲಸ. ಅದು ಕೂರದಿದ್ದರೆ ಲೋಡ್ ಕೂರುತ್ತದೆ. ಇದಕ್ಕೂ ರಿಲೀಫಿಗೂ ಸಂಬಂಧವೇ ಇಲ್ಲ. ರ‍್ಯಾಕಿನ ಮೂರನೇ ಹಂತದಲ್ಲಿ ಪ್ಯಾಲೆಟ್ ತೆಗೆಯುವಾಗ ಹೀಗೆ ಕುಸಿದರೆ ಫೋರ್ಕ್ ಹೋಗಿ ರ‍್ಯಾಕಿನ ಅಡ್ಡಪಟ್ಟಿಗೆ ಬಡಿಯುತ್ತದೆ. ಆ ಹುಡುಗ ದಿನವೂ ಆ ಭಯದಲ್ಲೇ ಗಾಡಿ ಓಡಿಸುತ್ತಿದ್ದ.

ಲೋಡ್ ಚೆಕ್ ಬಿಚ್ಚಿದಾಗ

ಬ್ಲಾಕನ್ನು ಡೀಸೆಲ್ ಹಾಕಿ ತೊಳೆದು ಒರೆಸಿದೆ. ಕೊಳೆ ಒಳಗೆ ಬಿದ್ದರೆ ಒಂದು ದೋಷಕ್ಕೆ ಹೋಗಿ ಮೂರು ಕೊಟ್ಟ ಹಾಗಾಗುತ್ತದೆ. ಕಾಟನ್ ವೇಸ್ಟ್ ಬೇಡ, ಅದರ ನೂಲು ಉಳಿಯುತ್ತದೆ. ನೂಲು ಬಿಡದ ಬಟ್ಟೆ ಬಳಸಿ.

ಲಿಫ್ಟ್ ಸೆಕ್ಷನ್ ಮೇಲಿನ ಷಟ್ಕೋನದ ಪ್ಲಗ್ ತೆಗೆದೆ. ಕೆಲವು ಬ್ಲಾಕುಗಳಲ್ಲಿ ಪ್ರತಿ ಸ್ಪೂಲಿಗೂ ಒಂದೊಂದು ಚೆಕ್ ಇರುತ್ತದೆ, ಕೆಲವದರಲ್ಲಿ ಎಲ್ಲಕ್ಕೂ ಸೇರಿ ಒಂದೇ. ಒಳಗೆ ಸಣ್ಣ ಸ್ಪ್ರಿಂಗ್, ಅದರ ಕೆಳಗೆ ಪಾಪೆಟ್, ಅಂದರೆ ದಾರಿಯನ್ನು ಮುಚ್ಚುವ ಬಿರಡೆ. ಪಾಪೆಟ್ ತೆಗೆದರೆ ಅದರ ಅಂಚಿಗೆ ಬಿಳಿ ದಾರದಂಥದ್ದು ಅಂಟಿತ್ತು. ಟೆಫ್ಲಾನ್ ಟೇಪ್!

ಎರಡು ತಿಂಗಳ ಹಿಂದೆ ಪಂಪ್ ಡೆಲಿವರಿ ಹೋಸ್ ಬದಲಾಯಿಸಿದ್ದರಂತೆ. ಯಾರೋ ಫಿಟ್ಟಿಂಗ್ ಥ್ರೆಡ್ಡಿಗೆ ನಲ್ಲಿಗೆ ಸುತ್ತುವ ಹಾಗೆ ಟೇಪ್ ಸುತ್ತಿದ್ದರು. ಆ ಫಿಟ್ಟಿಂಗ್ ಸೀಲ್ ಆಗುವುದು ಓ ರಿಂಗಿನಿಂದ, ಥ್ರೆಡ್ಡಿನಿಂದಲ್ಲ. ಅಲ್ಲಿ ಟೇಪಿಗೆ ಕೆಲಸವೇ ಇಲ್ಲ. ಅದರ ಎಳೆ ಹರಿದು ನೇರ ವಾಲ್ವಿಗೆ ಬಂದು ಕೂತಿತ್ತು. ಹೈಡ್ರಾಲಿಕ್ ಲೈನಿನ ಹತ್ತಿರ ಆ ಟೇಪನ್ನು ತರಲೇಬೇಡಿ.

ಪಾಪೆಟ್ ಅಂಚನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಸುತ್ತಲೂ ಒಂದೇ ಅಗಲದ ಹೊಳೆಯುವ ಗೆರೆ ಇದ್ದರೆ ಒಳ್ಳೆಯದು. ಗೆರೆ ಎಲ್ಲಾದರೂ ತುಂಡಾಗಿದ್ದರೆ, ಉಗುರಿಗೆ ಗೀರು ಸಿಕ್ಕರೆ, ಹೊಸದು ಹಾಕಿ. ಇದರಲ್ಲಿ ಗೆರೆ ಪೂರ್ತಿ ಇತ್ತು. ಸ್ಪ್ರಿಂಗ್ ಮುರಿದಿಲ್ಲ, ಬಾಗಿಲ್ಲ. ತೊಳೆದು, ಎಣ್ಣೆ ಹಚ್ಚಿ, ಪ್ಲಗ್ಗಿಗೆ ಹೊಸ ಓ ರಿಂಗ್ ಹಾಕಿ ಕೂರಿಸಿದೆ. ಆ ಹೋಸ್ ಫಿಟ್ಟಿಂಗ್ ಬಿಚ್ಚಿ ಉಳಿದ ಟೇಪನ್ನು ಕಿತ್ತು ತೆಗೆದೆ. ರಿಟರ್ನ್ ಫಿಲ್ಟರಿನಲ್ಲೂ ಎರಡು ಚೂರು ಸಿಕ್ಕವು, ಅದನ್ನೂ ಬದಲಾಯಿಸಿದೆ.

ಈಗ ರಿಲೀಫ್

ಬೇರೆಯವರು ಏರಿಸಿದ್ದನ್ನು ಇಳಿಸಲೇಬೇಕಿತ್ತು. ಪ್ರೆಷರ್ ಏರಿಸಿದರೆ ಗಾಡಿಗೆ ಶಕ್ತಿ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬರುವುದು ಅಪಾಯ. ಪ್ಲೇಟಿನಲ್ಲಿ 500 ಮಿ.ಮೀ. ಲೋಡ್ ಸೆಂಟರಿನಲ್ಲಿ (ಫೋರ್ಕಿನ ಬುಡದಿಂದ ಭಾರದ ಮಧ್ಯಕ್ಕಿರುವ ದೂರ) 2500 ಕೆ.ಜಿ. ಎಂದಿದ್ದರೆ, ಹಿಂದಿನ ಕೌಂಟರ್‌ವೇಟ್ ತಡೆಯುವುದು ಆ ಲೆಕ್ಕಕ್ಕೇ. ಅದಕ್ಕಿಂತ ಜಾಸ್ತಿ ಎತ್ತಿದರೆ ಹಿಂದಿನ ಚಕ್ರ ಹಗುರವಾಗುತ್ತದೆ. ಸ್ಟೇರಿಂಗ್ ಇರುವುದೇ ಆ ಚಕ್ರಕ್ಕೆ.

ಸ್ಕ್ರೂ ತಿರುಗಿಸುವ ಮೊದಲು ಅದು ನಟ್ಟಿನಿಂದ ಎಷ್ಟು ಹೊರಗಿದೆ ಎಂದು ಅಳೆದು ಬರೆದಿಡಿ. ಲಾಕ್ ನಟ್ ಸಡಿಲಿಸಿ, ಅಲೆನ್ ಕೀಯಿಂದ ಸ್ವಲ್ಪ ಸ್ವಲ್ಪ ತಿರುಗಿಸಿ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಏರುತ್ತದೆ, ಎಡಕ್ಕೆ ಇಳಿಯುತ್ತದೆ. ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಲೈನಿನಲ್ಲಿ ಪ್ರೆಷರ್ ಇಲ್ಲದಾಗ ತಿರುಗಿಸಿ, ಆಮೇಲೆ ಲಿವರ್ ಹಿಡಿದು ಓದಿ. ನಾನು ಮೊದಲು 165ಕ್ಕೆ ಇಳಿಸಿ, ಅಲ್ಲಿಂದ ಮೆಲ್ಲಗೆ 175ಕ್ಕೆ ಏರಿಸಿದೆ. ಮೇಲಿನಿಂದ ಇಳಿಸುತ್ತಾ ನಿಲ್ಲಿಸಿದರೆ ಸ್ಪ್ರಿಂಗ್ ಮತ್ತು ಥ್ರೆಡ್ ಸರಿಯಾಗಿ ಕೂರದೆ ಅಳತೆ ಆಮೇಲೆ ಸರಿಯುತ್ತದೆ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಓದಿ, ಬಿಗಿ ಮಾಡುವಾಗಲೇ ನಾಲ್ಕೈದು ಬಾರ್ ಹೆಚ್ಚುಕಡಿಮೆ ಆಗುವುದುಂಟು. ಕೊನೆಗೆ ನಟ್ ಮೇಲೆ ಪೇಂಟಿನ ಗುರುತು ಹಾಕಿ. ಮುಂದೆ ಯಾರಾದರೂ ಮುಟ್ಟಿದರೆ ಗೊತ್ತಾಗುತ್ತದೆ.

ಸ್ಕ್ರೂ ತಿರುಗಿಸಿದರೂ ಗೇಜ್ ಅಲುಗದಿದ್ದರೆ ತಿರುಗಿಸುತ್ತಾ ಹೋಗಬೇಡಿ. ಪಂಪ್ ಸರಿ ಇದ್ದರೆ ರಿಲೀಫ್ ಒಳಗೆ ಕೊಳೆ ಇದೆ. ಪೈಲಟ್ ಇರುವ, ಅಂದರೆ ಸಣ್ಣ ವಾಲ್ವೊಂದು ದೊಡ್ಡದನ್ನು ತೆರೆಸುವ ಬಗೆಯ ರಿಲೀಫಿನಲ್ಲಿ ಮೇನ್ ಪಾಪೆಟ್ಟಿನ ಸಣ್ಣ ತೂತು ಕಟ್ಟಿಕೊಂಡರೆ ಪ್ರೆಷರ್ ಏಳುವುದೇ ಇಲ್ಲ, ಖಾಲಿ ಫೋರ್ಕೂ ಮೇಲೇಳದಿರಬಹುದು. ಬಿಚ್ಚಿ ಗಾಳಿ ಊದಿ ಶುಚಿ ಮಾಡಿ. ತಂತಿ ಚುಚ್ಚಿ ತೂತು ದೊಡ್ಡದು ಮಾಡಬೇಡಿ.

ಉಳಿದ ಎರಡು ಮಾತು

ಫ್ಲೋ ರೆಗ್ಯುಲೇಟರ್ ಬಿಚ್ಚಿದರೆ ಬಾಣದ ಗುರುತು ನೋಡಿ ವಾಪಸ್ ಹಾಕಿ. ಒಂದೇ ದಿಕ್ಕಿಗೆ ತಡೆಯುವ ಬಗೆಯದ್ದನ್ನು ಉಲ್ಟಾ ಹಾಕಿದರೆ ಎತ್ತುವುದು ನಿಧಾನವಾಗಿ, ಲೋಡ್ ಇಳಿಯುವಾಗ ತಡೆ ಇಲ್ಲದೆ ಬೀಳುತ್ತದೆ. ಹೋಸ್ ಒಡೆದರೂ ಲೋಡ್ ಸೆಕೆಂಡಿಗೆ 0.6 ಮೀಟರಿಗಿಂತ ಜೋರಾಗಿ ಬೀಳದಂತೆ ತಡೆಯಬೇಕು ಎಂದು ಅದೇ ಐಎಸ್‌ಒ ಮಾನದಂಡ ಹೇಳುತ್ತದೆ. ರೆಗ್ಯುಲೇಟರ್ ತೆಗೆದು ನೇರ ಹೋಸ್ ಜೋಡಿಸುವುದು ಜೀವದ ಜೊತೆ ಆಟ.

ಲಿವರ್ ಬಿಟ್ಟರೂ ಸ್ಪೂಲ್ ಮಧ್ಯಕ್ಕೆ ಬರದಿದ್ದರೆ ಸ್ಪ್ರಿಂಗ್ ಕ್ಯಾಪ್ ನೋಡಿ, ಲಿಂಕ್ ನೋಡಿ. ಆಮೇಲೆ ಬ್ಲಾಕ್ ಕೂರಿಸಿದ ಬೋಲ್ಟ್‌ಗಳನ್ನು ಸಡಿಲಿಸಿ ನೋಡಿ. ಸಮ ಇಲ್ಲದ ಜಾಗಕ್ಕೆ ಜೋರಾಗಿ ಬಿಗಿದರೆ ಬ್ಲಾಕ್ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಸ್ಪೂಲನ್ನು ಹಿಡಿಯುತ್ತದೆ. ಸಡಿಲಿಸಿದ ಕೂಡಲೇ ಸ್ಪೂಲ್ ಜಾರಿದರೆ, ಕಾರಣ ಸಿಕ್ಕಿತು.

ಆ ದಿನ ಎಲ್ಲ ಜೋಡಿಸಿ, ಖಾಲಿ ಫೋರ್ಕಿನಲ್ಲಿ ಹತ್ತು ಸಲ ತುದಿಯವರೆಗೆ ಎತ್ತಿ ಇಳಿಸಿ ಗಾಳಿ ತೆಗೆದೆವು. ಎಣ್ಣೆ ಮಟ್ಟ ಮತ್ತೆ ನೋಡಿದೆವು. ಒಂದು ಟನ್ ಇಟ್ಟು ಒಂದಡಿ ಎತ್ತಿ, ಲಿವರನ್ನು ಆಪರೇಟರ್ ಹುಡುಗನ ಕೈಗೇ ಕೊಟ್ಟೆ. ಐಡಲ್‌ನಲ್ಲಿ ಮೆಲ್ಲಗೆ ಎಳೆದ. ಲೋಡ್ ಕದಲಲಿಲ್ಲ. ಇನ್ನೊಂಚೂರು ಎಳೆದ, ನೇರ ಎದ್ದಿತು. ಪ್ಲೇಟಿನ ಪೂರ್ತಿ 2500 ಕೆ.ಜಿ. ಇಟ್ಟಾಗ ಗೇಜ್ 155 ಬಾರ್ ತೋರಿಸುತ್ತಾ ಎತ್ತಿತು. ಟಿಲ್ಟ್ ಸಿಲಿಂಡರಿನ ಸೀಲ್ ಕಿಟ್ ಮರುದಿನ ಬಂತು, ಅದನ್ನೂ ಹಾಕಿದೆ. 175 ಬಾರ್ ಎಂದು, ತಾರೀಖಿನ ಜೊತೆ, ಬ್ಲಾಕಿನ ಪಕ್ಕದಲ್ಲಿ ಪೇಂಟಿನಿಂದ ಬರೆದು ಬಂದೆ.